ಊರು, ಜಾರು, ಸೇರು

ಸೆಪ್ಟೆಂಬರ್ 4, ಬುಧವಾರ. ಬೆಳಿಗ್ಗೆ

ಇಂದಿನ ಅಭ್ಯಾಸ: ಭಾರ ಬದಲಿಸುವುದು. ಎಡಗಾಲಿನ ಮೇಲೆ ಪೂರ್ತಿ ನಿಲ್ಲಬೇಕು, ಬಲಗಾಲು ಖಾಲಿ. ಆಮೇಲೆ ಬಲಗಾಲಿನ ಮೇಲೆ ಪೂರ್ತಿ, ಎಡಗಾಲು ಖಾಲಿ. ಹಾಡಿಲ್ಲ. ಬಾರದ ಬಸ್ಸಿಗೆ ಕಾಯುವವನ ಹಾಗೆ. ಇಪ್ಪತ್ತು ವರ್ಷದಿಂದ ಸ್ಟಾಪಿನಲ್ಲಿ ಇದನ್ನೇ ಮಾಡುತ್ತಿದ್ದೇನೆ, ಯಾರೂ ಡಾನ್ಸ್ ಎಂದಿರಲಿಲ್ಲ.

ಸರಿಯಾಯಿತೋ ಇಲ್ಲವೋ ನೋಡಲು ಡಾನ್ಸ್ ಕ್ಲಾಸಿನ ಟೀಚರಮ್ಮ ಒಂದು ಪರೀಕ್ಷೆ ಹೇಳಿಕೊಟ್ಟಿದ್ದಾರೆ. ಖಾಲಿ ಕಾಲಿನ ಕೆಳಗೆ ಒಂದು ಹಾಳೆ. ಎದುರಿನವರು ಎಳೆದರೆ ಹರಿಯದೆ ಬರಬೇಕು. ಹಾಳೆಗೆ ಬರವಿಲ್ಲ... ಪ್ರೆಸ್ಸಿನಿಂದ ರದ್ದಿ ಪ್ರೂಫ್ ತಂದಿದ್ದೇನೆ, ಏಳನೆಯ ತರಗತಿಯ ಗೈಡಿನದು. ಎದುರಿನವರಿಗೆ ಬರ. ಬಗ್ಗಿ ನಾನೇ ಎಳೆದೆ. ಬಗ್ಗಿದ್ದರಿಂದ ಭಾರ ಆ ಕಾಲಿಗೇ ಬಂತು. ಹರಿಯಿತು.

ಎಡಗಾಲು ಮುಂದೆ, ಬಲಗಾಲು ಹಿಂದೆ,
ನಾನು ಯಾವುದರ ಮೇಲಿದ್ದೇನೆ ತಂದೆ?

ಈ ಉಸಾಬರಿ ನಾನಾಗಿ ತಂದುಕೊಂಡದ್ದಲ್ಲ. ಜೋಡಿ ಡಾನ್ಸಿನ ಕ್ಲಾಸಿಗೆ ಸೇರಿದ್ದವಳು ನನ್ನ ಹೆಂಡತಿ, ತನ್ನ ಆಸ್ಪತ್ರೆಯ ಫಾರ್ಮಸಿಯ ಗೆಳತಿಯ ಜೊತೆ. ಗೆಳತಿ ಮೆಟ್ಟಿಲು ಜಾರಿ, ಉಳುಕಿದ ಕಾಲಿಗೆ ಪ್ಲಾಸ್ಟರು ಹಾಕಿಸಿಕೊಂಡಳು. ಇವಳು ನನ್ನನ್ನು ಕರೆದ ಮಾತು ಹೀಗೆ: "ಇನ್ಯಾರೂ ಸಿಗ್ಲಿಲ್ಲ ರೀ. ಬಂದು ನಿಂತ್ಕೊಳ್ಳಿ, ಸಾಕು."

ಹೋಗಿ ನಿಂತೆ.

ಸೆಪ್ಟೆಂಬರ್ 6, ಶುಕ್ರವಾರ. ರಾತ್ರಿ ಊಟಕ್ಕೆ ಮುಂಚೆ

ಕ್ಲಾಸು ಟೈರ್ ಅಂಗಡಿಯ ಮಹಡಿಯ ಮೇಲೆ. ರಬ್ಬರ್ ವಾಸನೆ. ಒಂದು ಗೋಡೆಯ ತುಂಬ ಕನ್ನಡಿ, ಅದರಲ್ಲಿ ಹೊಟ್ಟೆ ತುಂಬ ನಾನು.

ಟೀಚರಮ್ಮನಿಗೆ ಅರವತ್ತಿರಬೇಕು. ದಪ್ಪ ಮೈ, ಹಗುರ ಪಾದ. ನಮ್ಮ ಹತ್ತಿರ ಬಂದು ನಿಂತರು.

"ಸ್ವಾಮಿ, ಹೆಂಡ್ತೀನ ಕರ್ಕೊಂಡ್ ಹೋಗ್ಬೇಕು. ಎಳ್ಕೊಂಡ್ ಹೋಗ್ಬಾರ್ದು."

"ಇಪ್ಪತ್ತು ವರ್ಷ ಇವಳೇ ನನ್ನನ್ನ ಎಳ್ಕೊಂಡು ಬಂದಿದಾಳೆ ಟೀಚರ್."

"ಅದು ಸಂಸಾರ. ಇದು ಡಾನ್ಸು."

ಇವಳು ಕಿವಿಯ ಹತ್ತಿರ: "ಬಾಯಲ್ಲಿ ಏನು ಗೊಣಗ್ತಿದೀರಿ?"

"ಪ್ರಾಸ."

"ಮನೇಲಿ ಮಾಡ್ಕೊಳ್ಳಿ."

ಏಳೂವರೆಗೆ ಅಲ್ಲಿಂದಲೇ ಆಸ್ಪತ್ರೆಗೆ ಹೊರಟಳು. ವಾರ್ಡಿನ ಹಿರಿಯ ನರ್ಸು, ರಾತ್ರಿ ಪಾಳಿ. ಬೆಳಿಗ್ಗೆ ಅವಳು ಗೇಟು ತೆಗೆಯುವ ಹೊತ್ತಿಗೆ ನಾನು ಗೇಟು ಹಾಕುವವನು. "ಹಾಲು ಬಂತಾ?" "ಬಂತು." ಅಷ್ಟೇ ದಾಂಪತ್ಯ. ಹಗಲು ಅವಳು ಮಲಗಬೇಕು. ಮಲಗಲು ಬಿಡುವವರಿಲ್ಲ... ಫೋನು, ಕೊರಿಯರ್ ಹುಡುಗ, ಅಮ್ಮನ ಧಾರಾವಾಹಿ.

ಲೆಕ್ಕ ಹಾಕಿದರೆ ನಾವಿಬ್ಬರೂ ಒಟ್ಟಿಗೆ ಎಚ್ಚರವಾಗಿರುವುದು ಈ ಟೈರ್ ಅಂಗಡಿಯ ಮೇಲೆಯೇ. ಮಂಗಳವಾರ, ಶುಕ್ರವಾರ. ಬರೆಯುವವರೆಗೆ ಇದು ಹೊಳೆದೇ ಇರಲಿಲ್ಲ.

ಸೆಪ್ಟೆಂಬರ್ 8, ಭಾನುವಾರ

ಇವಳು ಮಲಗಿದ್ದಾಳೆ. ಅಡುಗೆಮನೆಯಲ್ಲಿ ಅಭ್ಯಾಸ. ಜೋಡಿಗೆ ಬಟ್ಟೆ ಒಣಗಿಸುವ ಸ್ಟ್ಯಾಂಡು. ಎತ್ತರ ಸರಿಯಾಗಿದೆ. ಎದುರು ಮಾತಾಡುವುದಿಲ್ಲ.

ಹೆಜ್ಜೆ ಮೂರೇ. ಕಾಲು ಊರು. ಪಕ್ಕಕ್ಕೆ ಜಾರು. ಇನ್ನೊಂದು ಕಾಲು ತಂದು ಸೇರು. ಒನ್-ಟೂ-ತ್ರೀ ಎಂದರೆ ನನ್ನ ಕಾಲಿಗೆ ತಿಳಿಯುವುದಿಲ್ಲ. ಊರು, ಜಾರು, ಸೇರು ಎಂದರೆ ತಿಳಿಯುತ್ತದೆ. ಕಾಲಿಗೂ ಕನ್ನಡ ಮೀಡಿಯಮ್ಮು.

ಅಮ್ಮ ನೀರು ಕುಡಿಯಲು ಬಂದಳು. ನಿಂತು ನೋಡಿದಳು.

"ಏನೋ ಇದು?"

"ಪ್ರಾಕ್ಟೀಸು."

"ನನ್ನ ಸೀರೆ ಕೆಳಗೆ ಬೀಳಿಸ್ಬೇಡ."

ಮೂಲೆಯಲ್ಲಿ ಎಡವಿದೆ. ಅಮ್ಮ ಕಾಯುತ್ತಿದ್ದಳೋ ಏನೋ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದಳು.

ನಮ್ಮ ಅಡುಗೆಮನೆಯ ನೆಲ ನಿಜವಾಗಿಯೂ ಡೊಂಕು. ನೀರು ಮೋರಿಗೆ ಹರಿಯಲಿ ಎಂದು ಮೇಸ್ತ್ರಿ ಮಾಡಿದ ಇಳಿಜಾರು. ಆದರೆ ಗಾದೆ ಮುಗಿದ ಮೇಲೆ ಸಾಕ್ಷಿ ಹೇಳುವವನ ಮಾತು ಯಾರಿಗೆ ಬೇಕು.

ಸೆಪ್ಟೆಂಬರ್ 10, ಮಂಗಳವಾರ

ಮತ್ತೆ ಎಳೆಯುತ್ತಿದ್ದೇನಂತೆ. ಟೀಚರಮ್ಮ ಹಾಡು ನಿಲ್ಲಿಸಿದರು.

"ಮನೇಲಿ ಯಾರ ಜೊತೆ ಪ್ರಾಕ್ಟೀಸ್ ಮಾಡ್ತೀರಿ?"

"ಬಟ್ಟೆ ಸ್ಟ್ಯಾಂಡು."

ಇಡೀ ಕ್ಲಾಸು ನಕ್ಕಿತು. ಇವಳೂ. ತಲೆ ಹಿಂದಕ್ಕೆ ಹಾಕಿ ನಕ್ಕಳು. ಆ ನಗು ಇನ್ನೂ ಇದೆ ಎಂದು ಗೊತ್ತಿರಲಿಲ್ಲ... ಅಟ್ಟದ ಮೇಲಿನ ಪಾತ್ರೆಯಂತೆ, ಬಳಸದೆ ಇಟ್ಟದ್ದು.

"ಅದಕ್ಕೇ ಮತ್ತೆ. ಎಳೆದ್ರೆ ಮಾತ್ರ ಬರೋದು ಅದು. ಅದಕ್ಕೆ ಭಾರ ಇಲ್ಲ ಸ್ವಾಮಿ, ಇವರಿಗಿದೆ."

"ಥ್ಯಾಂಕ್ಸ್ ಟೀಚರ್," ಎಂದಳು ಇವಳು.

ನನ್ನ ಊರು-ಜಾರು-ಸೇರು ಟೀಚರಮ್ಮನ ಕಿವಿಗೂ ಬಿತ್ತು. ಈಗ ಕ್ಲಾಸಿಗೆಲ್ಲ ಅದನ್ನೇ ಹೇಳಿಸುತ್ತಿದ್ದಾರೆ. ಮನೆಯಲ್ಲಿ ಬೆಲೆಯಿಲ್ಲದ ಪ್ರಾಸ, ಟೈರ್ ಅಂಗಡಿಯ ಮೇಲೆ ಪಾಸ.

(ಪಾಸು. ಪ್ರಾಸಕ್ಕಾಗಿ ಪಾಸ. ಪ್ರೂಫ್ ನೋಡುವವನೇ ಹೀಗೆ ಮಾಡಿದರೆ...)

ಸೆಪ್ಟೆಂಬರ್ 13, ಶುಕ್ರವಾರ

ಇವತ್ತು ಹಾಳೆಯ ಪರೀಕ್ಷೆ, ಜೋಡಿಯಲ್ಲಿ. ಹಾಳೆ ಸಪ್ಲೈ ನನ್ನದೇ.

ನನ್ನ ಎರಡೂ ಕಾಲಿನವು ಹರಿಯದೆ ಬಂದವು. ಹಿಗ್ಗಿದೆ. ಆಮೇಲೆ ಅವಳ ಸರದಿ. ಬಲಗಾಲಿನ ಮೇಲೆ ನಿಂತಾಗ ಎಡಗಾಲಿನ ಕೆಳಗಿನ ಹಾಳೆ ಸಲೀಸಾಗಿ ಬಂತು. ಎಡಗಾಲಿನ ಮೇಲೆ ನಿಂತಾಗ ಬಲಗಾಲಿನದು ಚರ್ ಎಂದು ಹರಿಯಿತು. ಮತ್ತೆ ಇಟ್ಟೆ. ಮತ್ತೆ ಹರಿಯಿತು.

"ಎಡಗಾಲ ಮೇಲೆ ಪೂರ್ತಿ ನಿಲ್ಲಮ್ಮ," ಟೀಚರಮ್ಮ ಹೇಳಿದರು.

"ನಿಂತಿದೀನಿ ಟೀಚರ್."

ನಿಂತಿರಲಿಲ್ಲ. ಹಾಳೆ ಸುಳ್ಳು ಹೇಳುವುದಿಲ್ಲ. ಇಷ್ಟು ದಿನ ನನ್ನ ತಪ್ಪು ಎಂದುಕೊಂಡಿದ್ದ, ನಮ್ಮ ಹೆಜ್ಜೆಯ ಆ ಒಂದು ಕುಂಟು... ನನ್ನದಲ್ಲ.

ಇಳಿಯುವಾಗ ನೋಡಿದೆ. ಕಂಬಿ ಹಿಡಿದು, ಎಡ ಪಾದವನ್ನು ಅಡ್ಡಡ್ಡ ಇಟ್ಟು, ಒಂದೊಂದೇ ಮೆಟ್ಟಿಲು.

"ಕಾಲಿಗೇನಾಯ್ತು?"

"ಹಿಮ್ಮಡಿ ನೋವು. ರಾತ್ರಿಯೆಲ್ಲ ನಿಂತಿರೋದಲ್ವಾ."

"ಯಾವಾಗಿಂದ?"

"ಬೇಸಿಗೆಯಿಂದ."

"ಹೇಳೋದಲ್ವಾ?"

"ಯಾವಾಗ ಹೇಳ್ಲಿ? ಗೇಟ್ ಹತ್ರಾನಾ?"

ಆಟೋ ಬಂತು. ಹೋದಳು.

ದಿನವೂ ಒಂದೇ ಗೇಟಿನಲ್ಲಿ ದಾಟಿದ್ದೇವೆ. ನಿಂತದ್ದು ನೋಡಿದ್ದೇನೆ, ನಡೆದದ್ದು ನೋಡಿಲ್ಲ. ಗೈಡಿನಲ್ಲಿ ಅಲ್ಪವಿರಾಮ ಬಿಟ್ಟುಹೋದರೆ ಕನಸಿನಲ್ಲಿ ಬರುತ್ತದೆ.

ಸೆಪ್ಟೆಂಬರ್ 15, ಭಾನುವಾರ

ಹೊಸ ಅಭ್ಯಾಸ, ನಾನೇ ಕಂಡುಹಿಡಿದದ್ದು. ಇಪ್ಪತ್ತು ಲೀಟರಿನ ನೀರಿನ ಕ್ಯಾನು, ಅರ್ಧ ತುಂಬಿದ್ದು. ತಬ್ಬಿ ಹಿಡಿದು ಹೆಜ್ಜೆ. ಒಳಗಿನ ನೀರು ಕುಲುಕಬಾರದು. ಜಗ್ಗಿದರೆ ಬುಳಕ್ ಎನ್ನುತ್ತದೆ. ಅದರ ಭಾರವನ್ನು ಮೊದಲು ನನ್ನ ಕಾಲಿಗೆ ತಂದುಕೊಂಡು ಆಮೇಲೆ ಹೊರಟರೆ ಸದ್ದಿಲ್ಲ.

ಅಮ್ಮ: "ಮೊದಲು ಬಟ್ಟೆ. ಈಗ ನೀರು. ನಾಳೆ ಗ್ಯಾಸ್ ಸಿಲಿಂಡರಾ?"

ಸೊಂಟ ಹಿಡಿದಿದೆ. ಮುಲಾಮು ಹಚ್ಚಿದ್ದೂ ಅಮ್ಮನೇ. ಬೈಯುತ್ತ.

ಸೆಪ್ಟೆಂಬರ್ 17, ಮಂಗಳವಾರ

ಕಣ್ಣು ಮುಚ್ಚುವ ಅಭ್ಯಾಸ. ಹಿಂದಕ್ಕೆ ಹೆಜ್ಜೆಯಿಡುವವರು ಕಣ್ಣು ಮುಚ್ಚಬೇಕು. ಮುಂದಕ್ಕೆ ಬರುವವರು ಮಾತಾಡಬಾರದು, ಎದೆಯಿಂದಲೇ ದಾರಿ ಹೇಳಬೇಕು.

ಇವಳು ಎರಡು ಹೆಜ್ಜೆಗೊಮ್ಮೆ ಕಣ್ಣು ಬಿಡುತ್ತಾಳೆ.

"ಗೋಡೆ ಬಂತಾ?"

"ಇನ್ನೂ ದೂರ."

"ನಿಮ್ಮ ದೂರ ನನಗ್ಗೊತ್ತು."

ರಾತ್ರಿಯಿಡೀ ಇಪ್ಪತ್ತು ಹಾಸಿಗೆ ಕಾಯುವವಳು. ಕಣ್ಣು ಮುಚ್ಚು ಎಂದರೆ ಹೇಗೆ ಮುಚ್ಚಿಯಾಳು. ನಾನೂ ಒತ್ತಾಯಿಸಲಿಲ್ಲ. ಅವಳ ಎಡಗಾಲಿನ ಹೆಜ್ಜೆ ಬಂದಾಗಲೆಲ್ಲ ಅವಳ ಬೆನ್ನಿಗಿದ್ದ ಬಲಗೈಯನ್ನು ಒಂದಿಷ್ಟು ಮೇಲೆತ್ತಿ ಹಿಡಿದೆ. ಕ್ಯಾನು ಕಲಿಸಿದ ಪಾಠ. ಅವಳಿಗೆ ಗೊತ್ತಾಯಿತು. ಕೈ ಸರಿಸಲಿಲ್ಲ.

ಸೆಪ್ಟೆಂಬರ್ 20, ಶುಕ್ರವಾರ

ಮೆಟ್ಟಿಲಿಳಿಯುವಾಗ ಹೇಳಿದಳು. "ಅವಳ ಪ್ಲಾಸ್ಟರ್ ತೆಗೆದ್ರು. ಮುಂದಿನ ವಾರದಿಂದ ಬರ್ತಾಳಂತೆ."

"ಓ. ಒಳ್ಳೇದಾಯ್ತು."

ನಿಂತಳು. "ಒಳ್ಳೇದಾಯ್ತಾ?"

"ಕಾಲು ಸರಿಹೋಗಿದ್ದು."

"ಹ್ಞೂಂ."

ಆಟೋ ಸಿಗುವವರೆಗೆ ಇಬ್ಬರೂ ರಸ್ತೆ ನೋಡಿದೆವು.

ಬದಲಿಯಾಗಿ ಬಂದವನು ನಾನು. ಆಟಗಾರ ಬಂದರೆ ಬದಲಿ ಬೆಂಚಿಗೆ. ನ್ಯಾಯವೇ. ಆದರೂ ಈ ಎರಡು ಸಂಜೆ ಕೈಬಿಟ್ಟರೆ ಮತ್ತೆ ಗೇಟು, ಹಾಲು ಬಂತಾ, ಬಂತು. ನಾನೂ ಬರುತ್ತೇನೆ, ನಾನೇ ಇರುತ್ತೇನೆ ಎಂದು ಬಾಯಿಬಿಟ್ಟು ಹೇಳಬೇಕಿತ್ತು. ಪ್ರಾಸವಿಲ್ಲದ ಮಾತು ನನ್ನ ಬಾಯಿಗೆ ಬರುವುದು ಕಷ್ಟ.

ಸೆಪ್ಟೆಂಬರ್ 24, ಮಂಗಳವಾರ. ಮನೆಗೆ ಬಂದ ಕೂಡಲೆ

ಬರೆದಿಟ್ಟುಬಿಡುತ್ತೇನೆ, ಊಟ ಆಮೇಲೆ.

ಗೆಳತಿ ಬಂದಿದ್ದಳು. ಕೋಲು ಹಿಡಿದು ಬೆಂಚಿನ ಮೇಲೆ ಕೂತಿದ್ದಳು. "ಇವತ್ತು ಬರೀ ನೋಡ್ತೀನಿ ಅಣ್ಣ, ಶುಕ್ರವಾರದಿಂದ ಇಳೀತೀನಿ." ಒಳ್ಳೆಯ ಹೆಂಗಸು. ಸಿಟ್ಟು ಮಾಡಲಿಕ್ಕೂ ಆಗದಷ್ಟು ಒಳ್ಳೆಯವಳು.

ಕಣ್ಣು ಮುಚ್ಚುವ ಅಭ್ಯಾಸವೇ ಮತ್ತೆ. ಇವಳ ಮುಖ ಬಾಡಿತ್ತು. ಹಗಲು ಪಕ್ಕದ ಮನೆಯಲ್ಲಿ ಗೋಡೆ ಕೊರೆದರಂತೆ, ನಿದ್ದೆಯೇ ಇಲ್ಲ. ಹಾಡು ಶುರುವಾಯಿತು. ಕಣ್ಣು ಮುಚ್ಚಿದಳು. ಗೋಡೆ ಬಂತಾ ಎನ್ನಲಿಲ್ಲ. ಒಂದು ಸುತ್ತು. ಹಣೆ ನನ್ನ ಹೆಗಲಿಗೆ ತಾಗಿತು. ಇನ್ನೊಂದು ಸುತ್ತು. ಭಾರ ಬಂತು. ಎಡಗಾಲಿನದು, ಬಲಗಾಲಿನದು, ಬೇಸಿಗೆಯಿಂದೀಚೆಗಿನದು, ಎಲ್ಲ. ಉಸಿರು ಬದಲಾಯಿತು.

ನಿದ್ದೆ ಹೋಗಿದ್ದಳು. ನಿಂತಲ್ಲೇ.

ಏನು ಮಾಡಬೇಕೋ ತಿಳಿಯಲಿಲ್ಲ. ಟೀಚರಮ್ಮನ ಕಡೆ ನೋಡಿದೆ. ಬಂದರು, ಅವಳ ಮುಖ ಬಗ್ಗಿ ನೋಡಿದರು, ತುಟಿಯ ಮೇಲೆ ಬೆರಳಿಟ್ಟರು. ಪಿಸುದನಿಯಲ್ಲಿ: "ಹೆಜ್ಜೆ ಬೇಡ. ಭಾರ ಮಾತ್ರ ಬದಲಿಸ್ತಿರಿ."

ಬದಲಿಸಿದೆ. ಎಡ. ಬಲ. ಎಡ. ಮೊದಲ ದಿನ ಕಲಿತದ್ದು, ಬಸ್ ಸ್ಟಾಪಿನದು. ಹಾಡು ಮುಗಿಯಿತು. ಟೀಚರಮ್ಮ ಅದನ್ನೇ ಮತ್ತೆ ಹಾಕಿದರು. ಉಳಿದ ಜೋಡಿಗಳು ನಮ್ಮನ್ನು ಸುತ್ತು ಹಾಕಿಕೊಂಡು ಹೋದವು, ರಸ್ತೆ ನಡುವಿನ ಹಸುವನ್ನು ಸುತ್ತಿಹೋಗುವ ಗಾಡಿಗಳ ಹಾಗೆ. ಸೊಂಟ ಮತ್ತೆ ಹಿಡಿಯಿತು. ನಿಲ್ಲಿಸಲಿಲ್ಲ.

ಎಚ್ಚರವಾದಾಗ ಗಾಬರಿಯಾದಳು. "ಎಷ್ಟ್ ಹೊತ್ತಾಯ್ತು?"

"ಎರಡು ಹಾಡು."

"ಎಬ್ಬಿಸೋದಲ್ವಾ?"

"ಮಾತಾಡ್ಬಾರ್ದು ಅಂತ ರೂಲ್ಸ್ ಇದೆ."

ನನ್ನ ಅಂಗಿಯ ಹೆಗಲು ಒದ್ದೆ. ಜೊಲ್ಲು. ಕರ್ಚೀಫಿನಿಂದ ಒರೆಸಿದಳು, ರೋಗಿಗೆ ಒರೆಸುವ ಚುರುಕಿನಲ್ಲಿ. ಗೆಳತಿ ಬೆಂಚಿನಿಂದ: "ಏನಣ್ಣ, ನನ್ನ ಪಾರ್ಟ್‌ನರ್‌ನ ಮಲಗಿಸೇ ಬಿಟ್ರಲ್ಲ."

ಎಲ್ಲರೂ ನಕ್ಕರು. ನಾನೂ.

ನನ್ನ ಪಾರ್ಟ್‌ನರ್ ಎಂದಳು.

ಸೆಪ್ಟೆಂಬರ್ 26, ಗುರುವಾರ. ಬೆಳಿಗ್ಗೆ, ಪ್ರೆಸ್ಸಿನಲ್ಲಿ

ಗೇಟಿನ ಹತ್ತಿರ: "ನಾಳೆಯಿಂದ ಅವಳೇ ಬರ್ತಾಳೆ ರೀ. ಮೊದಲಿಂದ ಇದ್ದೋಳು. ಬೇಡ ಅನ್ನೋಕೆ ನನಗೆ ಬಾಯಿ ಬರ್ಲಿಲ್ಲ."

"ಸರಿ."

"ನಿಮಗೂ ಸೊಂಟ ನೋವು ಅಂತ ಅತ್ತೆ ಹೇಳಿದ್ರು."

"ಹೌದು. ಒಳ್ಳೇದೇ ಆಯ್ತು."

ಮತ್ತೆ ಅದೇ ಒಳ್ಳೇದು. ನಾಲಿಗೆಗೂ ಒಂದು ಪ್ಲಾಸ್ಟರು ಬೇಕು.

ಸೆಪ್ಟೆಂಬರ್ 27, ಶುಕ್ರವಾರ

ಹೋಗಲಿಲ್ಲ.

ಅಕ್ಟೋಬರ್ 4, ಶುಕ್ರವಾರ

ಹತ್ತನೆಯ ತರಗತಿಯ ಗೈಡು. ಕಣ್ಣು ಉರಿ. ಬಟ್ಟೆ ಸ್ಟ್ಯಾಂಡಿನ ಮೇಲೆ ಬಟ್ಟೆ, ಕ್ಯಾನಿನಲ್ಲಿ ನೀರು. ಎಲ್ಲರೂ ತಂತಮ್ಮ ಕೆಲಸಕ್ಕೆ ಮರಳಿದ್ದಾರೆ.

ಅಮ್ಮ ಕೇಳಿದಳು, "ಕುಣಿತ ಬಿಟ್ಟೆಯಾ?"

"ನೆಲ ಡೊಂಕಮ್ಮ."

ನಗಲಿಲ್ಲ ಅವಳು. ನಾನು ತಟ್ಟೆ ತೊಳೆದೆ.

ಅಕ್ಟೋಬರ್ 8, ಮಂಗಳವಾರ. ಬಸ್ಸಿನಲ್ಲಿ, ಅಕ್ಷರ ಕುಣಿಯುತ್ತಿವೆ

ಇವತ್ತು ಗೇಟಿನಲ್ಲಿ ದಾಟಲಿಲ್ಲ. ಅವಳು ದಾರಿಗೆ ಅಡ್ಡ ನಿಂತಳು.

"ಬಸ್ಸು ತಪ್ಪಿದ್ರೆ ಏನಾಗುತ್ತೆ?"

"ಮುಂದಿನದು ಬರುತ್ತೆ."

"ಒಳಗೆ ಬನ್ನಿ."

ಅಡುಗೆಮನೆ. ನನ್ನ ಬ್ಯಾಗು ಹೆಗಲಿನಲ್ಲೇ ಇತ್ತು. ತೆಗೆದು ಸ್ಟ್ಯಾಂಡಿಗೆ ನೇತುಹಾಕಿದಳು. ಚಪ್ಪಲಿ ಬಿಟ್ಟಳು. ಎಡ ಹಿಮ್ಮಡಿ ನೆಲಕ್ಕೆ ತಾಗಿದಾಗ ಮುಖ ಕಿವಿಚಿದಳು.

"ಕ್ಲಾಸು ಹೇಗಿದೆ?" ಕೇಳಿದೆ.

"ಚೆನ್ನಾಗಿದೆ. ಅವಳು ನಿಮಗಿಂತ ಚೆನ್ನಾಗಿ ಕುಣೀತಾಳೆ."

"ಗೊತ್ತು."

"ಎಳೆಯಲ್ಲ. ಗೊಣಗಲ್ಲ."

"ಗೊತ್ತು ಅಂದ್ನಲ್ಲ."

"ಅವಳ ಜೊತೆ ಕುಣೀಬಹುದು ರೀ," ಎಂದಳು. "ನಿದ್ದೆ ಬರಲ್ಲ."

ನನಗೆ ಪ್ರಾಸ ಹೊಳೆಯಲಿಲ್ಲ. ಕೈ ಚಾಚಿದೆ. ಬಂದಳು. ಹಾಡಿಲ್ಲ. ಅಮ್ಮನ ಕೋಣೆಯ ಟಿವಿಯ ಸದ್ದು ಇತ್ತು, ತಾನಾಗಿ ಸಣ್ಣದಾಯಿತು. ತಾನಾಗಿ ಆಗುವುದಿಲ್ಲ ಅದು.

ಎಡ. ಬಲ. ಎಡ. ಇಳಿಜಾರಿನ ಕಡೆ ನಾನು ನಿಂತೆ, ಮೇಲಿನ ಕಡೆ ಅವಳು. ಸಾಕಾಗಿತ್ತು ಇಬ್ಬರಿಗೂ. ಅವಳಿಗೆ ರಾತ್ರಿ, ನನಗೆ ಬರಲಿರುವ ಹಗಲು.

ಆ ಬಸ್ಸೂ ತಪ್ಪಿತು. ಇದು ಮೂರನೆಯದು.

ಅಕ್ಟೋಬರ್ 9, ಬುಧವಾರ. ಬೆಳಿಗ್ಗೆ

ಬೇಗ ಎದ್ದೆ. ಸ್ನಾನ ಆಯಿತು, ಡಬ್ಬಿ ಕಟ್ಟಿ ಆಯಿತು. ಮೂರನೆಯ ಬಸ್ಸಿಗೇ ಬರುತ್ತೇನೆ ಎಂದು ಪ್ರೆಸ್ಸಿನ ಯಜಮಾನರಿಗೆ ನಿನ್ನೆಯೇ ಹೇಳಿದೆ. ಯಾಕೆ ಎಂದರು. ಹೆಂಡತಿಗೆ ಹಿಮ್ಮಡಿ ನೋವು ಎಂದೆ. ಅರ್ಥವಾಗಲಿಲ್ಲ ಅವರಿಗೆ. ಸರಿ ಎಂದರು.

ಇವತ್ತು ಹಾಳೆಯಿಟ್ಟು ನೋಡೋಣವೇ ಎಂದುಕೊಂಡೆ. ಬೇಡ. ಹರಿದರೆ ಹರಿಯಲಿ, ಪರೀಕ್ಷೆ ಯಾಕೆ. ಕ್ಯಾನನ್ನು ಅಮ್ಮ ಆಗಲೇ ಮೂಲೆಗೆ ಸರಿಸಿದ್ದಾಳೆ, ಸ್ಟ್ಯಾಂಡನ್ನು ಹೊರಗಿಟ್ಟಿದ್ದಾಳೆ. "ಕಾಲಿಗೆ ಸಿಗುತ್ತೆ," ಎಂದಳು ಅಷ್ಟೇ.

ಗೇಟಿನ ಚಿಲಕ. ಅಂಗಳದಲ್ಲಿ ಚಪ್ಪಲಿಯ ಸದ್ದು. ಬಲಗಾಲು ಗಟ್ಟಿ, ಎಡಗಾಲು ಮೆಲ್ಲಗೆ. ಇಲ್ಲಿಂದಲೇ ಗೊತ್ತಾಗುತ್ತದೆ ಈಗ—

ಊರು. ಜಾರು.