ಖಾಲಿ ರಿಕ್ಷಾ ಎಳೆಯುವ ಹಾಗಿಲ್ಲ

ಕಾಲೇಜು ವಸತಿಗೃಹ, ಮೆಲಾಕಾ, ಮಲೇಷ್ಯಾ
ಶುಕ್ರವಾರ, ೨೦ ನವೆಂಬರ್ ೧೯೯೮

ಶ್ರೀಯಾಳ ಅಪ್ಪನಿಗೆ, ಸರೋಜಿನಿಯ ನಮಸ್ಕಾರ.

‘ಪ್ರಿಯ’ ಎಂದು ಬರೆಯಲು ಹೊರಟೆ, ಕೈ ಒಪ್ಪಲಿಲ್ಲ. ನೀವು ರಾಜೀನಾಮೆ ಎಸೆದು ಮಣಿಪಾಲಕ್ಕೆ ಹೋದಂದಿನಿಂದ ಪ್ರತಿ ಭಾನುವಾರ ಮಗಳಿಗೆ ಫೋನ್ ಮಾಡುತ್ತೀರಿ. ನಾನು ಪಕ್ಕದ ಕೋಣೆಯಲ್ಲಿ ಇಸ್ತ್ರಿ ಹಾಕುತ್ತಾ ಕೇಳಿಸಿಕೊಳ್ಳುತ್ತೇನೆ. ಈ ಭಾನುವಾರ ಮಾಡಿದಾಗ ಕಾಲೇಜಿನ ಸುದ್ದಿ ಕೇಳಬೇಡಿ. ಮನೆಯ ಫೋನು ಕಾಲೇಜಿನ ಎಕ್ಸ್‌ಚೇಂಜಿನ ಮೂಲಕವೇ ಬರುತ್ತದೆ ಎಂಬುದು ನಿಮಗೆ ಗೊತ್ತು. ಹೊರಗಿನ ಬೂತಿನಿಂದ ನಾನೇ ಮಾತಾಡಬಹುದಿತ್ತು. ಆದರೆ ನಿಮ್ಮ ದನಿ ಕೇಳಿದರೆ ಮೊದಲು ಜಗಳವಾಗುತ್ತದೆ, ವಿಷಯ ಹಿಂದೆ ಉಳಿಯುತ್ತದೆ. ಕ್ಲಾಂಗ್ ಬಂದರಿನಲ್ಲಿ ಕೆಲಸ ಮಾಡುವ ನಮ್ಮೂರಿನ ರಾಬಿನ್ ತನ್ನ ತಂಗಿಯ ಮದುವೆಗೆಂದು ನಾಳೆ ರಾತ್ರಿ ಊರಿಗೆ ಹೊರಟಿದ್ದಾನೆ. ಮಧ್ಯಾಹ್ನ ಇಲ್ಲಿಗೇ ಬಂದು ಇದನ್ನು ಒಯ್ಯುತ್ತಾನೆ.

ವಿಷಯ ಇದು. ಸೋಮವಾರ ಹುಡುಗರು ಓಟು ಹಾಕಿ ನಿಮ್ಮನ್ನು ಈ ವರ್ಷದ ರೆಕ್ಟರ್ ಮಾಡಿದ್ದಾರೆ.

ನಗಬೇಡಿ. ನಿಮಗೆ ಅದು ಮಂಗಾಟ. ವರ್ಷ ವರ್ಷ ಆ ಮೆರವಣಿಗೆಯ ದಿನ ಬಾಗಿಲು ಹಾಕಿಕೊಂಡು ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟು ಕೂತವರು ನೀವು. ಆದ್ದರಿಂದ ಪದ್ಧತಿಯನ್ನು ನಾನೇ ಹೇಳಬೇಕು. ಕಾಲೇಜು ಕಟ್ಟಿದ ಹಿರಿಯರು ಸ್ಕಾಟ್ಲೆಂಡಿನಲ್ಲಿ ಓದಿ ಬರುವಾಗ ಇದನ್ನೂ ಪೆಟ್ಟಿಗೆಯಲ್ಲಿ ತಂದರಂತೆ: ವಿದ್ಯಾರ್ಥಿಗಳೇ ಆರಿಸುವ ಒಬ್ಬ ಉತ್ಸವಮೂರ್ತಿ. ಸಂಬಳವಿಲ್ಲ, ಅಧಿಕಾರವಿಲ್ಲ. ಆಯ್ಕೆಯಾದವರಿಗೆ ಕೆಂಪು ಗೌನ್ ತೊಡಿಸಿ, ಕಾಗದದ ಹೂ ಕಟ್ಟಿದ ಸೈಕಲ್ ರಿಕ್ಷಾದಲ್ಲಿ ಕೂರಿಸಿ, ಹಗ್ಗ ಹಾಕಿ ನದಿಯ ಸೇತುವೆಯವರೆಗೆ ಹುಡುಗರೇ ಎಳೆಯಬೇಕು. ಕಳೆದ ವರ್ಷ ಗೇಟಿನೆದುರಿನ ತಮಿಳು ಮುಸ್ಲಿಮರ ಮಮಕ್ ಹೋಟೆಲಿನ ಯಜಮಾನ ಲುಂಗಿಯ ಮೇಲೆ ಗೌನ್ ಹಾಕಿ ಕೂತು ದಾರಿಯುದ್ದಕ್ಕೂ ಪೆಪ್ಪರ್‌ಮಿಂಟ್ ಎಸೆದಿದ್ದ. ನಾನೂ ಒಂದು ಹಿಡಿದಿದ್ದೆ.

ಆದರೆ ಹಿರಿಯರು ಎರಡು ನಿಯಮ ಬರೆದಿಟ್ಟಿದ್ದಾರೆ. ಆಡಳಿತ ಮಂಡಳಿಯ ವರ್ಷದ ಕೊನೆಯ ಸಭೆಯಲ್ಲಿ ರೆಕ್ಟರ್ ಮೇಜಿನ ತಲೆಯಲ್ಲಿ ಕೂರಬೇಕು ಮತ್ತು ಮೊದಲ ಮಾತು ಅವರದ್ದು. ಮುಗಿಯುವವರೆಗೆ ಯಾರೂ ಬಾಯಿ ಹಾಕುವ ಹಾಗಿಲ್ಲ. ಈವರೆಗೆ ಆ ಮೊದಲ ಮಾತು ‘ಚಹಾ ಚೆನ್ನಾಗಿದೆ’ ಎಂಬುದನ್ನು ದಾಟಿಲ್ಲ. ಎರಡನೆಯದು, ಖಾಲಿ ರಿಕ್ಷಾ ಎಳೆಯುವ ಹಾಗಿಲ್ಲ. ಆಯ್ಕೆಯಾದವರಿಗೆ ಬರಲಾಗದಿದ್ದರೆ ಅವರ ಮನೆಯ ಹಿರಿಯರೊಬ್ಬರು ಕೂರಬೇಕು. ಯಾರೂ ಕೂರದಿದ್ದರೆ ಆಯ್ಕೆ ಬಿದ್ದುಹೋಗುತ್ತದೆ, ಆ ವರ್ಷ ಮೇಜಿನ ತಲೆ ಖಾಲಿ.

ಸಭೆ ಡಿಸೆಂಬರ್ ಏಳಕ್ಕೆ. ಅಂದು ಅಜ್ಲೀನಾಳನ್ನು ಕಾಲೇಜಿನಿಂದ ತೆಗೆಯುವ ತೀರ್ಮಾನವಿದೆ.

ನಿಮ್ಮ ಶಿಷ್ಯೆ ಅಜ್ಲೀನಾ. ಸೆಪ್ಟೆಂಬರಿನಲ್ಲಿ ರಾಜಧಾನಿಯ ಬೀದಿಗಳಲ್ಲಿ ಸರ್ಕಾರದ ವಿರುದ್ಧ ಜನ ಸೇರಿದ ಮರುದಿನ ತರಗತಿಗೆ ಯಾರು ಯಾರು ಬಂದಿರಲಿಲ್ಲ ಎಂದು ಡೀನ್ ಕೇಳಿದಾಗ, ನೀವು ‘ನಾನು ಮೂಳೆ ಕಲಿಸುವವನು, ಚಾಡಿ ಹೇಳುವವನಲ್ಲ’ ಎಂದು ಅಲ್ಲೇ ರಾಜೀನಾಮೆ ಬರೆದಿರಿ. ಸರಿ, ಒಳ್ಳೆಯ ಮಾತು. ಹುಡುಗರು ಅದನ್ನು ಇವತ್ತಿಗೂ ಹೇಳಿಕೊಂಡು ತಿರುಗುತ್ತಾರೆ. ಆದರೆ ಮೂರು ಜನರ ಸಂಸಾರದ ರಾಜೀನಾಮೆಗೆ ನೀವೊಬ್ಬರೇ ಸಹಿ ಹಾಕಿದಿರಿ. ನನಗೆ ಅದು ಗೊತ್ತಾಗಿದ್ದು ಫಿಸಿಯಾಲಜಿ ಲ್ಯಾಬಿನಲ್ಲಿ, ಪಾಠದ ನಡುವೆ, ಬೇರೆಯವರ ಬಾಯಿಂದ. ಮಗಳ ಓದು ಅರ್ಧದಲ್ಲಿದೆ ಎಂದರೆ, ವಿಮಾನ ನಿಲ್ದಾಣದಲ್ಲಿ ನಿಂತು “ಬರುದಾದ್ರೆ ಬಾ, ಇಲ್ಲದಿದ್ರೆ ನಿನ್ನಿಷ್ಟ” ಎಂದಿರಿ. ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬರುತ್ತದೆಯೇ? ಹುಡುಗಿಯನ್ನು ಕಾಪಾಡಿದೆನೆಂದುಕೊಂಡು ನೀವು ಹಾರಿದಿರಿ. ನೀವು ಹೋದ ವಾರದಲ್ಲೇ ಯಾವುದೋ ಪತ್ರಿಕೆಯಲ್ಲಿ ಆ ಗುಂಪಿನ ಫೋಟೋ ಬಂತು; ಮುಂದಿನ ಸಾಲಿನಲ್ಲಿ, ತಲೆಗೆ ಬಿಳಿ ತುಡುಂಗ್ ವಸ್ತ್ರ ಕಟ್ಟಿಕೊಂಡು, ಇವಳೇ. ಆಮೇಲೆ ಅವಳ ಪರವಾಗಿ ಮಾತಾಡಲು ಇಲ್ಲಿ ಯಾರಿದ್ದರು? ನಾನೂ ಆಡಲಿಲ್ಲ. ದೀಪಾವಳಿಗೆ ಎಂದಿನಂತೆ ಮನೆಯ ಬಾಗಿಲು ತೆರೆದಿಟ್ಟೆ, ಹುಡುಗರೆಲ್ಲ ಬಂದರು, ಅವಳೂ ಬಂದಳು. ಚಕ್ಕುಲಿ ಕೈಯಲ್ಲಿ ಹಿಡಿದು ಕೂತಿದ್ದಳು, ತಿನ್ನಲಿಲ್ಲ.

ಈಗ ಯಾವ ಪುಣ್ಯಾತ್ಮರು ನಿಮ್ಮ ಹೆಸರು ಸೂಚಿಸಿದರೋ, ಇಡೀ ಕಾಲೇಜು ಓಟು ಹಾಕಿದೆ.

ಮಂಗಳವಾರ ಡೀನ್ ಕರೆಸಿದರು. ಕಾಫಿ ತರಿಸಿದರು, ಆಗಲೇ ನನಗೆ ಭಯವಾಯಿತು. ನಿಮ್ಮನ್ನು ಹೊಗಳಿದರು. ಹುಡುಗರ ತಮಾಷೆಗೆ ಅಷ್ಟು ದೊಡ್ಡ ವಿದ್ವಾಂಸರ ಹೆಸರು ಹಾಳಾಗಬಾರದು, ನೀವು ಒಂದು ಸಾಲಿನಲ್ಲಿ ಬೇಡವೆಂದು ತಿಳಿಸಿದರೆ ಎಲ್ಲರಿಗೂ ಗೌರವ ಎಂದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆಮೇಲೆ ನನ್ನ ಒಪ್ಪಂದ ಡಿಸೆಂಬರಿಗೆ ಮುಗಿಯುತ್ತದೆ, ನವೀಕರಣದ ಕಾಗದ ತಮ್ಮ ಮೇಜಿನ ಮೇಲೇ ಇದೆ ಎಂದು ಬೇರೆ ಯಾವುದೋ ಮಾತಿನ ನಡುವೆ ಸೇರಿಸಿದರು. ಏಳುವಾಗ ಇದು ಯಾರ ಕಿತಾಪತಿ ಎಂದು ಗೊತ್ತಾದರೆ ಸುಮ್ಮನೆ ಬಿಡುವುದಿಲ್ಲ ಎಂದರು. ನಿಮ್ಮೊಡನೆ ಮಾತಾಡುತ್ತೇನೆ ಎಂದಷ್ಟೇ ಹೇಳಿ ಬಂದೆ. ನಾವು ಮಾತಾಡುವುದನ್ನೇ ಬಿಟ್ಟಿದ್ದೇವೆ ಎಂದು ಅವರಿಗೆ ಹೇಳುವುದು ಹೇಗೆ?

ಆ ಕಾಗದಕ್ಕೆ ಸಹಿ ಬೀಳದಿದ್ದರೆ ಮನೆ ಹೋಗುತ್ತದೆ, ವೀಸಾ ಹೋಗುತ್ತದೆ, ಶ್ರೀಯಾ ಮೂರನೇ ವರ್ಷದಲ್ಲಿ ಓದು ಬಿಟ್ಟು ಹೊರಡಬೇಕು. ಇದನ್ನು ನಿಮ್ಮ ಹಾಗೆ ಒಂದೇ ಉಸಿರಿನಲ್ಲಿ ಎಸೆಯಲು ನನಗೆ ಬರುವುದಿಲ್ಲ.

ನಿನ್ನೆ ಸಂಜೆ ವಿದ್ಯಾರ್ಥಿ ಸಂಘದ ಕುಮಾರನ್ ಬಂದ. ಶನಿವಾರದ ಮೆರವಣಿಗೆಗೆ ಪೊಲೀಸರು ಅನುಮತಿ ಕೊಟ್ಟಿದ್ದಾರಂತೆ. ಘೋಷಣೆ ಕೂಗಬಾರದು, ಫಲಕ ಹಿಡಿಯಬಾರದು, ಸೇತುವೆ ದಾಟಬಾರದು. ಒಬ್ಬ ಕೂಗಿದರೂ ಅದು ಅಕ್ರಮ ಕೂಟ. ಸರ್ ಬರಲು ಸಮಯವಿಲ್ಲ, ನೀವು ಕೂರುತ್ತೀರಾ ಎಂದು ನೆಲ ನೋಡುತ್ತಾ ಕೇಳಿದ. ನನ್ನ ಬದಲು ಒಂದು ಫೋಟೋ ಇಟ್ಟು ಎಳೆಯಿರಿ ಎಂದೆ. “ಎಂಪ್ಟಿ ಕೆನಾಟ್ ಲಾ, ಡಾಕ್ಟರ್” ಎಂದ. ನಗು ಬರುವ ಹಾಗೆ ಹೇಳಿದರೂ ಅವನು ನಗಲಿಲ್ಲ. ಗೌನ್ ಹೊಲಿಸಿ ತಂದಿದ್ದ, ನಿಮ್ಮ ಎತ್ತರಕ್ಕೆ. ಕುರ್ಚಿಯ ಮೇಲಿಟ್ಟು ಹೋದ.

ಶ್ರೀಯಾ ಏನಾದರೂ ಹೇಳುತ್ತಾಳೆಂದು ಕಾದೆ. ಕೂರಲೇ ಎಂದು ನಾನು ಕನ್ನಡದಲ್ಲಿ ಕೇಳಿದೆ, ಅವಳು ಇಂಗ್ಲಿಷಿನಲ್ಲಿ “ಅಪ್ಪ ಡಿಂಟ್ ಆಸ್ಕ್ ಯೂ. ಐ ವೋಂಟ್ ಪುಶ್ ಯೂ” ಎಂದು ಕೋಣೆಗೆ ಹೋದಳು. ನಿಮ್ಮ ಮೇಲೆ ಅವಳಿಗೂ ಸಿಟ್ಟಿದೆ ಎಂದು ನನಗೆ ಆಗಲೇ ತಿಳಿದಿದ್ದು. ಭಾನುವಾರದ ಫೋನಿನಲ್ಲಿ ಅದನ್ನು ತೋರಿಸುವುದಿಲ್ಲ, ಪಾಪ.

ಇವತ್ತು ತರಕಾರಿ ತರಲು ಹೋಗಿದ್ದೆ. ಸೇತುವೆಯ ಆಚೆ ಗಲಭೆ ಪೊಲೀಸರ ಕೆಂಪು ಲಾರಿ ಆಗಲೇ ಬಂದು ನಿಂತಿದೆ. ಒಳಗಿನವರು ಕಾಲು ಚಾಚಿ ಪೊಟ್ಟಣದ ಅನ್ನ ತಿನ್ನುತ್ತಿದ್ದರು. ಎಲ್ಲ ನಮ್ಮ ವಿದ್ಯಾರ್ಥಿಗಳ ವಯಸ್ಸಿನವರು. ಸೊಪ್ಪು ತೆಗೆದುಕೊಳ್ಳದೆ ಬಂದೆ.

ನಾಳೆ ಬೆಳಿಗ್ಗೆ ಅವರು ರಿಕ್ಷಾ ತಂದು ನಮ್ಮ ಬಾಗಿಲಲ್ಲಿ ನಿಲ್ಲಿಸುತ್ತಾರೆ. ನಾನು ಬಾಗಿಲು ತೆರೆಯದೆ ಇದ್ದರೆ ಎಲ್ಲವೂ ಸುಸೂತ್ರ: ನನ್ನ ಕೆಲಸ ಉಳಿಯುತ್ತದೆ, ನಿಮ್ಮ ಹೆಸರು ಉಳಿಯುತ್ತದೆ. ಆ ಹುಡುಗಿ ಮಾತ್ರ ಉಳಿಯುವುದಿಲ್ಲ. ಏನು ಮಾಡುತ್ತೇನೋ ನನಗೇ ಗೊತ್ತಿಲ್ಲ. ನೀವು ಇಲ್ಲಿದ್ದಿದ್ದರೆ ಜಗಳವಾಡಿಯಾದರೂ ಒಂದು ನಿರ್ಧಾರಕ್ಕೆ ಬರುತ್ತಿದ್ದೆವು.

ಬಿ.ಪಿ. ಮಾತ್ರೆ ತಪ್ಪಿಸಬೇಡಿ.

ಇತಿ,
ಸಿಟ್ಟು ಇನ್ನೂ ಇಳಿಯದ
ಸರೋಜಿನಿ

ತಾ.ಕ. (ಶನಿವಾರ) — ರಾಬಿನ್ ಹೊರಗೆ ಊಟ ಮಾಡುತ್ತಿದ್ದಾನೆ, ಬೇಗ ಬರೆಯುತ್ತೇನೆ. ಕೂತೆ. ಗೌನ್ ನೆಲ ಗುಡಿಸುತ್ತಿತ್ತು. ಶ್ರೀಯಾ ಮೊಣಕಾಲೂರಿ ಅಂಚು ಮಡಚಿ ಪಿನ್ ಹಾಕಿದಳು, ಆಮೇಲೆ ಹೋಗಿ ಹಗ್ಗದ ಮುಂದಿನ ತುದಿ ಹಿಡಿದಳು. ಗೇಟಿನಲ್ಲಿ ಡೀನ್ ನಿಂತಿದ್ದರು. ಕೈಮುಗಿದೆ, ಅವರು ಗಡಿಯಾರ ನೋಡಿಕೊಂಡರು. ನನ್ನ ಕಾಗದಕ್ಕೆ ಇನ್ನು ಸಹಿ ಬೀಳುವುದಿಲ್ಲ. ದಾರಿಯುದ್ದಕ್ಕೂ ಒಬ್ಬರೂ ಉಸಿರೆತ್ತಲಿಲ್ಲ, ಗಾಲಿಯ ಸದ್ದು ಬಿಟ್ಟರೆ ಬೇರೆ ಇಲ್ಲ. ಸೇತುವೆಯ ಬಳಿ ಲಾರಿಯಿಂದ ಪೊಲೀಸರು ಇಳಿದು ಸಾಲಾಗಿ ನಿಂತರು. ಕುಮಾರನ್ ರಿಕ್ಷಾ ತಿರುಗಿಸಿದ, ನಾವು ಹಾಗೇ ಹಿಂದಿರುಗಿದೆವು. ಆಗಿದ್ದು ಇಷ್ಟೇ. ನೀವೀಗ ರೆಕ್ಟರ್.

ಇನ್ನೊಂದು ಮಾತು. ದೀಪಾವಳಿಯ ದಿನ ಹುಡುಗರು ಈ ಸಲ ಯಾರನ್ನು ಆರಿಸುವುದೆಂದು ನಮ್ಮ ಜಗಲಿಯಲ್ಲೇ ಚರ್ಚೆ ಮಾಡುತ್ತಿದ್ದರು. ನಿಮ್ಮ ಹೆಸರು ಹೇಳಿದ ಪುಣ್ಯಾತ್ಮಳು ನಾನೇ. ಡೀನ್ ಕಿತಾಪತಿ ಎಂದಾಗ ಹೆಗಲು ಮುಟ್ಟಿ ನೋಡಿಕೊಳ್ಳದೆ ಇರಲು ಎಷ್ಟು ಕಷ್ಟಪಟ್ಟೆನೆಂದು ನಿಮಗೇನು ಗೊತ್ತು. ಅಜ್ಲೀನಾಳಿಗಾಗಿ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ನೀವು ಬರುವುದು ಬೇಕಿತ್ತು, ಬನ್ನಿ ಎಂದು ಕರೆಯಲು ನನಗೆ ಬೇರೆ ದಾರಿ ಕಾಣಲಿಲ್ಲ. ರಿಕ್ಷಾದಲ್ಲಿ ಮನೆಯವರು ಕೂರಬಹುದು. ಮೇಜಿನ ತಲೆಯಲ್ಲಿ ಕೂತು ಆ ಹುಡುಗಿಯ ಪರ ಮೊದಲ ಮಾತಾಡುವ ಹಾಗಿಲ್ಲ. ಚೆನ್ನೈಯಲ್ಲಿ ವೀಸಾ ಮಾಡಿಸಿಕೊಂಡು ಏಳನೇ ತಾರೀಖಿನೊಳಗೆ ಬನ್ನಿ. ಆಮೇಲೆ ಹೊರಡುವುದಾದರೆ ಮೂವರೂ ಒಟ್ಟಿಗೆ ಹೊರಡೋಣ.

ಗೌನಿನ ಪಿನ್ನುಗಳನ್ನು ತೆಗೆದು ಇಸ್ತ್ರಿ ಹಾಕಿ ಇಟ್ಟಿದ್ದೇನೆ. ಅದೀಗ ನಿಮ್ಮ ಅಳತೆಗೇ ಇದೆ.