ಸಣ್ಣ ಗಾಯ

ಅಕ್ಕಾ,

ಫೋನಿನಲ್ಲಿ ಹೇಳೋಣವೆಂದರೆ ಯಜಮಾನರು ಪಕ್ಕದಲ್ಲೇ ಮಲಗಿರುತ್ತಾರೆ. ಅದಕ್ಕೇ ಸಿಯೋಲ್‌ನ ಆಸ್ಪತ್ರೆಯಿಂದ ಈ ಕಾರ್ಡು.

ಅಮ್ಮನ ಆಪರೇಷನ್ ಆದಾಗ ಹೂಸು ಬರಲೆಂದು ನಾವೆಲ್ಲ ಕಾದಿದ್ದೆವಲ್ಲ, ಇವರಿಗೆ ಅದು ಆಪರೇಷನ್ನಿನ ಮರುದಿನ ಬೆಳಿಗ್ಗೆಯೇ ಬಂತು! ಕರುಳು ಎಚ್ಚೆತ್ತಿತೆಂದು ವಾರ್ಡಿನವರೆಲ್ಲ ಚಪ್ಪಾಳೆ ತಟ್ಟಿದರು. ಇವರು ಖುಷಿಯಿಂದ ರೋಗಿಗಳ ಜೊತೆಗಿದ್ದವರಿಗೆಲ್ಲ ನನ್ನ ಕೈಯಲ್ಲಿ ಅಕ್ಕಿ ಕಡುಬು ಹಂಚಿಸಿದರು.

ಪಕ್ಕದ ಹಾಸಿಗೆಯ ಪ್ಯೋ ಅವರಿಗೂ ಇದೇ ಮೇದೋಜೀರಕದ ಕ್ಯಾನ್ಸರ್. ಎದೆಯಿಂದ ಹೊಕ್ಕುಳಿನ ಕೆಳಗಿನವರೆಗೂ ಕೊಯ್ದು ಗಡ್ಡೆ ತೆಗೆದಿದ್ದಾರೆ. ಅವರಿಗಿನ್ನೂ ಹೂಸಿಲ್ಲ. ಇವರು ಅಂಗಿ ಎತ್ತಿ, ರೋಬೋಟ್ ಆಪರೇಷನ್ನಿನ ಸಣ್ಣ ತೂತುಗಳನ್ನು ತೋರಿಸಿ, "ನೋಡಣ್ಣ, ನಿನ್ನ ಒಳ್ಳೆ ಮೀನು ಸೀಳ್ದಂಗೆ ಸೀಳವ್ರೆ! ನಂದು ಸೊಳ್ಳೆ ಕಚ್ಚ್ದಂಗೆ ಅಷ್ಟೆ" ಎಂದು ಕೆಣಕುತ್ತಾರೆ.

ಪ್ಯೋ ಹೊಟ್ಟೆ ಹಿಡಿದುಕೊಂಡು, "ನಗಿಸ್ಬೇಡ ಕಣಪ್ಪಾ, ಹೊಲಿಗೆ ಬಿಚ್ಕೊಂಬಿಡ್ತದೆ" ಎನ್ನುತ್ತಾರೆ.

ಅಕ್ಕಾ, ಇವರ ಗಡ್ಡೆಯನ್ನು ತೆಗೆದೇ ಇಲ್ಲ. ಕ್ಯಾಮೆರಾ ಇಟ್ಟು ನೋಡಿದರೆ ಲಿವರಿಗೆಲ್ಲ ಹರಡಿತ್ತಂತೆ. ಏನನ್ನೂ ಕತ್ತರಿಸದೆ ಮುಚ್ಚಿಬಿಟ್ಟರು. ಕರುಳನ್ನು ಮುಟ್ಟದೇ ಇದ್ದುದರಿಂದಲೇ ಹೂಸು ಅಷ್ಟು ಬೇಗ ಬಂದದ್ದು. ಇವರಿಗೆ ಈಗಲೇ ಹೇಳಬೇಡಿರೆಂದು ಡಾಕ್ಟರನ್ನು ಬೇಡಿಕೊಂಡಿದ್ದೇನೆ. ಆ ಉದ್ದನೆಯ ಗಾಯ ಇವರದಾಗಬಾರದಿತ್ತೇ.

ನಾನು ಚೆನ್ನಾಗಿದ್ದೇನೆ, ಊಟ ಮಾಡುತ್ತಿದ್ದೇನೆ. ಸಮುದ್ರದಲ್ಲಿ ಬೆಳೆ ತೆಗೆಯುವ ನಮ್ಮ ಹಗ್ಗಗಳಿಗೆ ಈ ಸಲ ಕಡಲಪಾಚಿಯ ಸಸಿ ಕಟ್ಟುವುದು ಬೇಡವೆಂದು ಭಾವನಿಗೆ ಹೇಳು.

ಅಗೋ, ಇವರು ಕರೆಯುತ್ತಿದ್ದಾರೆ. ಇನ್ನೊಂದು ಬಂತಂತೆ. ಹೋಗಿ ಚಪ್ಪಾಳೆ ತಟ್ಟಬೇಕು.

ನಿನ್ನ ತಂಗಿ,
ಬೊಕ್ಸಿಮ್