ಅಕ್ಕಿಯಲ್ಲಿ ಬರೆದ ಹೆಸರು

ಸಿ.ವಿ. ರಾಮನ್ ನಗರ, ಬೆಂಗಳೂರು
೯ ಫೆಬ್ರವರಿ ೨೦೦೪, ಸೋಮವಾರ

ಪ್ರೀತಿಯ ವಿಮಲಕ್ಕನಿಗೆ,

‘ದೀಪ ಆರಿದ ಮೇಲೂ ಕೋಣೆಗೆ ಅದರ ಬೆಳಕಿನ ನೆನಪಿರುತ್ತದೆ’ ಎಂಬ ಸಾಲೊಂದನ್ನು ಧಾರವಾಡದಲ್ಲಿ ಎಂ.ಎ. ಮಾಡುವಾಗ ಎಲ್ಲೋ ಓದಿದ್ದೆ. ಮುಂದಿನ ಸಾಲು ಮರೆತಿದೆ, ಬರೆದವರು ಯಾರೆಂಬುದೂ ಮರೆತಿದೆ. ಬೆಳಗಿನಿಂದ ಅದೊಂದೇ ತಲೆಯಲ್ಲಿ ಸುತ್ತುತ್ತಿದೆ. ಆದರೆ ಈಗ ಅದರ ಮೇಲೆ ನಂಬಿಕೆಯಿಲ್ಲ. ಕೋಣೆಗೆಲ್ಲಿಯ ನೆನಪು? ಒಂದು ಸಲ ಸುಣ್ಣ ಹೊಡೆದರೆ ಮುಗಿಯಿತು. ನೆನಪಿದ್ದರೆ ಅದು ಆಮೇಲೆ ಹಚ್ಚಿಟ್ಟ ದೀಪಕ್ಕಿರಬೇಕು, ತನಗಿಂತ ಮುಂಚೆ ಇದೇ ಗೂಡಿನಲ್ಲಿ ಇನ್ನೊಂದು ಉರಿಯುತ್ತಿತ್ತು ಎಂದು.

ಹೇಗಿದ್ದೀಯ ಎಂದು ಕೇಳುವ ಹಾಗಿಲ್ಲ. ತಡವಾಯಿತು ಎಂದು ಕ್ಷಮೆ ಕೇಳಬಹುದೇನೋ. ನೀನು ಹೋದ ಮರುವರ್ಷ ನಾನು ಈ ಮನೆಗೆ ಬಂದೆ. ಹದಿನೇಳು ವರ್ಷವಾದರೂ ನಿನಗೊಂದು ಸಾಲು ಬರೆದವಳಲ್ಲ. ಅಂಚೆಗೆ ಹಾಕುವ ಅಗತ್ಯವೂ ಇಲ್ಲ, ನೀನು ನನ್ನ ಗಲ್ಲದಿಂದ ಒಂದು ಗೇಣು ಕೆಳಗೆ ಇದ್ದೀಯ. ತೀರಿಕೊಂಡ ಮೊದಲ ಹೆಂಡತಿಯ ಮುಖವನ್ನು ಹುಣಸೆ ಬೀಜದಷ್ಟು ಚಿನ್ನದಲ್ಲಿ ಒತ್ತಿಸಿ ಎರಡನೆಯವಳ ಕೊರಳಿಗೆ ಕಟ್ಟುವುದು ನಮ್ಮತ್ತೆಯ ಮನೆತನದ ಪದ್ಧತಿ. ಹಬ್ಬದಲ್ಲಿ ಮೊದಲು ನಿನಗೆ ಕುಂಕುಮ, ಆಮೇಲೆ ನನಗೆ. ಹೊಸ ಸೀರೆಯಾದರೂ ನಿನಗೆ ತೋರಿಸಿಯೇ ಉಡುತ್ತೇನೆ. ವಯಸ್ಸಿನಲ್ಲಿ ಈಗ ನೀನೇ ಚಿಕ್ಕವಳು. ನೀನು ಇಪ್ಪತ್ತಾರಕ್ಕೇ ನಿಂತೆ, ನನಗೆ ನಲವತ್ತೆರಡು. ಆದರೂ ಅಕ್ಕ ಎಂದೇ ಬಾಯಿಗೆ ಬರುತ್ತದೆ.

ನಿನ್ನ ಮಗಳ ಸುದ್ದಿ ಹೇಳಬೇಕು. ವೈಷ್ಣವಿ ನಿನ್ನೆ ರಾಣಿಯಾದಳು.

ಅವಳ ಕಾಲೇಜಿನ ಗುಂಪು ಒಂದು ಪಾಪ್ ಸಂಗೀತ ನಾಟಕ ಕಟ್ಟಿತು. ಕಿತ್ತೂರಿನವಳು, ಕೆಳದಿಯವಳು, ಉಳ್ಳಾಲದವಳು ಎಲ್ಲ ರಾಣಿಯರೂ ಕೈಯಲ್ಲಿ ಮೈಕ್ ಹಿಡಿದು, ಮೊಣಕಾಲಿನವರೆಗೆ ಬೂಟು ತೊಟ್ಟು, ಶಿವಾಜಿನಗರದಿಂದ ತಂದ ಮಿಂಚಿನ ಬಟ್ಟೆಯಲ್ಲಿ ಕುಣಿಯುತ್ತ ತಮ್ಮ ಕಥೆ ಹೇಳಿಕೊಳ್ಳುವುದು. ತಾಲೀಮು ನಮ್ಮ ತಾರಸಿಯ ಮೇಲೆ. ಕೀಬೋರ್ಡ್ ನುಡಿಸುವ ಅಂಜನಮೂರ್ತಿ ಹಲಸೂರಿನ ಹುಡುಗ, ಮದುವೆಮನೆಗಳ ಆರ್ಕೆಸ್ಟ್ರಾದಲ್ಲಿ ಪಳಗಿದವನು. ಹಾಡು ಬರೆಯುವ ಕೆಲಸ ನನಗೆ ಬಂತು, ಎಂ.ಎ. ಆಗಿದೆಯಲ್ಲ.

ನಾನು ಬಹಳ ಶ್ರದ್ಧೆಯಿಂದ ‘ಪಟ್ಟಮಹಿಷಿ’ ಎಂದು ಬರೆದುಕೊಟ್ಟೆ. ಅಂಜನಮೂರ್ತಿ ತಲೆ ಕೆರೆದುಕೊಂಡ.

“ಆಂಟಿ, ತಪ್ಪು ತಿಳ್ಕೋಬೇಡಿ. ಮಹಿಷಿ ಅಂದ್ರೆ ನಮ್ ಹುಡುಗ್ರು ಎಮ್ಮೆ ಅನ್ಕೊಂಡ್ ವಿಷಲ್ ಹೊಡೀತಾರೆ.”

“ಹೊಡೀಲಿ ಬಿಡೋ,” ಎಂದಳು ವೈಷ್ಣವಿ. “ನಿನ್ ಬೀಟ್ ಕೇಳಿದ್ರೆ ಎಮ್ಮೇನೂ ಎದ್ದು ಹೋಗತ್ತೆ.”

ಅವಳು ಆರಿಸಿಕೊಂಡ ರಾಣಿಗೆ ಹೆಸರಿಲ್ಲ. ಕಿರಿಯರಸಿ ಅಷ್ಟೆ. ಯಾವ ಊರಿನವಳೇ ಎಂದು ಕೇಳಿದೆ. “ನಾನೇ ಕಟ್ಕೊಂಡಿದ್ದಮ್ಮ. ಕುದುರೆ ಹತ್ತಿದ್ ರಾಣಿಗೆಲ್ಲ ಒಂದೊಂದ್ ಸರ್ಕಲ್ ಕೊಟ್ಟಿದಾರೆ. ಹತ್ತದೇ ಇದ್ದೋಳು ಎಲ್ಲ ಊರಲ್ಲೂ ಒಬ್ಳು ಇದ್ದೇ ಇರ್ತಾಳೆ ತಾನೆ?” ಎಂದಳು. ನಾನು ಒಗೆದ ಬಟ್ಟೆ ತೆಗೆದುಕೊಂಡು ಕೆಳಗಿಳಿದೆ.

ಆ ದಿನ ನನಗೆ ಮದುವೆ ನೆನಪಾಯಿತು. ಅಕ್ಕಿ ಹರಡಿದ ತಟ್ಟೆಯಲ್ಲಿ ಮದುಮಗ ಉಂಗುರದಿಂದ ಹೆಂಡತಿಯ ಹೊಸ ಹೆಸರು ಬರೆಯುತ್ತಾನಲ್ಲ, ನಿನಗೂ ಹಾಗೇ ಆಗಿರಬೇಕು. ನನ್ನ ಸರದಿ ಬಂದಾಗ ಅತ್ತೆ ಮೊದಲೇ ಹೇಳಿಬಿಟ್ಟರು: “ಕೂಸಿಗೆ ಆ ಹೆಸರು ರೂಢಿ ಆಗೇತಿ. ಮನ್ಯಾಗ ಕರಿಯೂ ಹೆಸರು ಬದಲಾಗೂದು ಬ್ಯಾಡ.” ಅವರು, ನಮ್ಮಿಬ್ಬರ ಅವರು, ಒಂದಿಷ್ಟೂ ತಡವರಿಸದೆ ‘ವಿಮಲಾಕ್ಷಿ’ ಎಂದು ಬರೆದರು. ಆ ಅಕ್ಷರಗಳು ಅವರ ಕೈಗೆ ಹೊಸವಲ್ಲ. ಮರುದಿನ ಆ ಅಕ್ಕಿಯಲ್ಲೇ ಅನ್ನ ಮಾಡಿದೆ. ಅಂದಿನಿಂದ ನಿನ್ನನ್ನು ಕರೆದರೆ ನಾನು ಓಗೊಡುತ್ತೇನೆ.

ಮೊದಮೊದಲು ಕಷ್ಟವಾಗುತ್ತಿತ್ತು. ಅವರು ಒಳಗಿನಿಂದ “ವಿಮಲಾ” ಎಂದರೆ ನಾನು ಒಂದು ಕ್ಷಣ ತಡೆದು ಏಳುತ್ತಿದ್ದೆ. ನಿನಗೆ ದಾರಿ ಬಿಟ್ಟ ಹಾಗೆ. ಕತ್ತಲಾದ ಮೇಲೆ ಹಿತ್ತಲ ಬಾಗಿಲು ಹಾಕಲು ಹೋದಾಗ, ಅದನ್ನು ಯಾರೋ ಆಗಲೇ ಹಾಕಿದ್ದಾರೆ ಅನ್ನಿಸುತ್ತಿತ್ತು. ಹೆದರಿಕೆಯಲ್ಲ ಅಕ್ಕ. ಒಂದೇ ಮನೆಯಲ್ಲಿ ಇಬ್ಬರು ಹೆಂಗಸರು ಒಂದೇ ಕೆಲಸಕ್ಕೆ ಕೈ ಹಾಕಿದಾಗ ಆಗುವ ಸಂಕೋಚ. ವೈಷ್ಣವಿಗೆ ಏಳೆಂಟು ವರ್ಷವಿದ್ದಾಗ ಗದಗದಿಂದ ನಮ್ಮಣ್ಣ ಫೋನ್ ಮಾಡಿ “ನೀಲಗಂಗಾ ಅದಾಳೇನ?” ಎಂದು ಕೇಳಿದ್ದ. ಇವಳು “ಆ ಹೆಸರಿನೋರು ಯಾರೂ ಇಲ್ಲ, ರಾಂಗ್ ನಂಬರ್” ಎಂದು ಇಟ್ಟುಬಿಟ್ಟಳು. ನಾನು ಪಕ್ಕದಲ್ಲೇ ನಿಂತಿದ್ದೆ. ನಕ್ಕೆ. ಅದು ನಾನೇ ಕಣೇ ಎಂದು ಅವಳಿಗೆ ಹೇಳಲು ಆಮೇಲೆ ಬಹಳ ಹೊತ್ತು ಹಿಡಿಯಿತು.

ನಾಟಕದ ಕೊನೆಗೆ ಒಂದು ಏರ್ಪಾಡು ಮಾಡಿದ್ದರು. ಹಾಡು ಮುಗಿದ ಮೇಲೆ ಪ್ರತಿ ಹುಡುಗಿಯೂ ಕಿರೀಟ ತೆಗೆದು, ಮೈಕಿನಲ್ಲಿ ತನ್ನ ತಾಯಿಯ ಹೆಸರು ಹೇಳಿ ಬೆಳಕಿನಿಂದ ಹೊರಗೆ ಹೋಗಬೇಕು. ಇದು ಗೊತ್ತಾದ ದಿನದಿಂದ ನನಗೆ ಊಟ ಸೇರಲಿಲ್ಲ. ನ್ಯಾಯವಾಗಿ ಹೇಳಬೇಕಾದದ್ದು ನಿನ್ನ ಹೆಸರು, ನೀನು ಹೆತ್ತವಳು. ಆದರೆ ನಿನ್ನ ಹೆಸರು ಹೇಳಿದರೆ ಜನ ನನ್ನನ್ನೇ ನೋಡುತ್ತಾರೆ, ಅಲ್ಲಿಯೂ ನಿನಗೆ ಸಿಗುವುದನ್ನು ನಾನು ತೆಗೆದುಕೊಂಡಂತೆ. ನಿನ್ನಲ್ಲಿ ಮುಚ್ಚಿಡುವುದೇನು, ನನ್ನ ಹೆಸರನ್ನು ಒಮ್ಮೆ ಯಾರಾದರೂ ಗಟ್ಟಿಯಾಗಿ ಹೇಳಲಿ ಎಂಬ ಆಸೆಯೂ ಇತ್ತು.

“ವಿಮಲಾಕ್ಷಿ ಅನ್ನು. ಇಬ್ಬರಿಗೂ ಆಯಿತು,” ಎಂದೆ ಅವಳಿಗೆ.

“ಬಸ್ ಟಿಕೆಟ್ ಏನಮ್ಮ ಅದು, ಒಂದ್ರಲ್ಲೇ ಇಬ್ರು ಹೋಗೋಕೆ?” ಎಂದಳು. ಏನು ಹೇಳುತ್ತೀಯ ಹಾಗಾದರೆ ಎಂದು ಎಷ್ಟು ಕೇಳಿದರೂ ಒಂದೇ ಉತ್ತರ: “ಬಂದು ಕೇಳಿಸ್ಕೋ. ಅಪ್ಪನ್ನೂ ಕರ್ಕೊಂಡ್ ಬಾ.”

ಕಾಕ್ಸ್ ಟೌನಿನಲ್ಲಿ ಒಂದು ಚರ್ಚಿನ ಸಭಾಂಗಣ. ಅವರಿಗೆ ಇಂಥ ಗದ್ದಲ ಆಗದು, ಆದರೂ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ಕಿತ್ತೂರಿನ ಹಾಡಿಗೆ ಮೊಣಕಾಲ ಮೇಲೆ ತಾಳ ಹಾಕಿದರು, “ಭಾರಿ ಆತು” ಎಂದರು. ಒಳ್ಳೆಯವರು ಅಕ್ಕ, ನಿನಗೆ ಗೊತ್ತಿದ್ದದ್ದೇ. ವೈಷ್ಣವಿ ಬಂದಾಗ ದೀಪವೆಲ್ಲ ಆರಿಸಿ ಒಂದೇ ಒಂದು ಬಿಟ್ಟರು. ಡ್ರಮ್ ನಿಂತಿತು. ತಾನು ಬರುವ ಮೊದಲು ಅರಮನೆಯಲ್ಲಿದ್ದ ರಾಣಿಯ ಬಾಚಣಿಗೆಯಲ್ಲಿ ಇನ್ನೂ ಕೂದಲಿದೆ ಎಂದು ಹಾಡಿದಳು. ಅದು ನಾನು ಬರೆದ ಸಾಲಲ್ಲ. ನಾನು ಬಂದ ದಿನ ಈ ಮನೆಯ ಗೋಡೆಗನ್ನಡಿಯ ಕೆಳಗೆ ನಿನ್ನ ಬಾಚಣಿಗೆ ಇದ್ದದ್ದು ಅವಳಿಗೆ ಯಾರು ಹೇಳಿದರು? ನಾನಂತೂ ಹೇಳಿಲ್ಲ. ಅವಳಿಗಾಗ ಮೂರು ವರ್ಷ. ನನ್ನ ಕೈ ತಾನಾಗಿ ಕೊರಳಿಗೆ ಹೋಯಿತು. ನೀನು ಬಿಸಿಯಾಗಿದ್ದೆ.

ಕೊನೆಗೆ ಒಬ್ಬೊಬ್ಬರೇ ತಾಯಂದಿರ ಹೆಸರು ಹೇಳಿ ಹೋದರು. ಇವಳು ಕಿರೀಟ ತೆಗೆದು “ವಿಮಲಾಕ್ಷಿ” ಎಂದಳು. ಜನ ಚಪ್ಪಾಳೆ ಹೊಡೆದರು. ಅವಳು ಕದಲಲಿಲ್ಲ. ಚಪ್ಪಾಳೆ ನಿಲ್ಲುವವರೆಗೆ ಕಾದು, “ನೀಲಗಂಗಾ” ಎಂದಳು. ಆಮೇಲೆ ಕತ್ತಲೆಗೆ ಹೋದಳು.

ಎರಡು ಹೆಸರು, ಎರಡು ಉಸಿರು. ನಿನ್ನದು ನಿನಗೆ ಹೋಯಿತು ಅಕ್ಕ. ನಾನು ಹಾಳು ಮಾಡಿಲ್ಲ, ಜೋಪಾನವಾಗಿ ಇಟ್ಟುಕೊಂಡಿದ್ದೆ. ಈ ಮಗಳ ಮೇಲೆ ನಿನ್ನ ಕಣ್ಣಿರಲಿ. ಅವಳ ಗಂಟಲು ಹೀಗೇ ಗಟ್ಟಿಯಾಗಿರಲಿ. ಅವಳ ಹೆಸರನ್ನು ಯಾರ ತಟ್ಟೆಯಲ್ಲೂ ಯಾರೂ ಅಳಿಸದಿರಲಿ. ನೀನು ಎಲ್ಲಿದ್ದರೂ ತಣ್ಣಗಿರು.

ನಿನ್ನ ತಂಗಿ,
ನೀಲಗಂಗಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ವೈಷ್ಣವಿ ನನ್ನ ಹೆಸರು ಹೇಳಿದಾಗ ಅವರೂ ಚಪ್ಪಾಳೆ ಹೊಡೆದರು. ಹೊಡೆಯುತ್ತಲೇ ನನ್ನ ಕಿವಿಯ ಹತ್ತಿರ ಬಾಗಿ, “ನೀಲಗಂಗಾ? ಇದ್ಯಾವ ಊರ ರಾಣಿ? ಹೆಸರು ಚಲೋ ಐತಿ,” ಎಂದರು. ತಮಾಷೆಯಿರಬಹುದೆಂದು ಮುಖ ನೋಡಿದೆ. ತಮಾಷೆಯಲ್ಲ. ತಮಗಿಂತ ನಾನು ಹೆಚ್ಚು ಚರಿತ್ರೆ ಓದಿದವಳೆಂದು, ಉತ್ತರಕ್ಕಾಗಿ ನಿಜವಾಗಿಯೂ ಕಾಯುತ್ತಿದ್ದರು. ಲಗ್ನಪತ್ರಿಕೆಯಲ್ಲಿ ಅವರ ಹೆಸರಿನ ಪಕ್ಕದಲ್ಲೇ ಅಚ್ಚಾದ ಹೆಸರು. ನಾನು “ಗೊತ್ತಿಲ್ಲರೀ” ಎಂದೆ.

ಈಗ ಅವರು ಆಫೀಸಿಗೆ ಹೋಗಿದ್ದಾರೆ, ವೈಷ್ಣವಿ ಮಲಗಿದ್ದಾಳೆ. ಇಷ್ಟು ಬರೆಯುವಾಗ ಪಕ್ಕದ ಮನೆಯ ಗೋವಿಂದಮ್ಮ ಬಂದು ಬಾಗಿಲು ಬಡಿದರು. “ವಿಮಲಮ್ಮಾ! ವಿಮಲಮ್ಮಾ!” ಎಂದು ಕೂಗಿದರು. ಕೇಳಿಸುತ್ತಿತ್ತು. ನೀನು ಎದ್ದು ಹೋಗುತ್ತೀಯೆಂದು ನಾನು ಪೆನ್ನು ಹಿಡಿದು ಕಾಯುತ್ತ ಕುಳಿತೆ. ಬಾಗಿಲಾಚೆ ಅವರು ತಮ್ಮಷ್ಟಕ್ಕೆ ಅಂದುಕೊಂಡರು:

“ಚಪ್ಲಿ ಇಲ್ಲೇ ಅವೆ, ಒಳಗೆ ಫ್ಯಾನು ತಿರುಗ್ತಾ ಐತೆ. ಕೂಗಿದ್ರೆ ಓ ಅನ್ನೋರೇ ಇಲ್ವಲ್ಲಪ್ಪ ಈ ಮನೇಲಿ.”